ಕಂಪ್ಯೂಟರಿಗೊಂದು ಹೊಸ ಕನ್ನಡಕ

ಕನ್ನಡಕದಂಗಡಿಯ ಅಕ್ಕನಿಗೆ ಯಾರಾದರೂ "ಪರವಾಗಿಲ್ಲ" ಎಂದರೆ ಆಗಿಬರುವುದಿಲ್ಲ.

"ಪರವಾಗಿಲ್ಲ ಅನ್ನೋದು ಉತ್ತರ ಅಲ್ಲ," ಎನ್ನುತ್ತಾರೆ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತವರಿಗೆ. "ಅಕ್ಷರದ ಅಂಚು ಹೇಗಿದೆ ಹೇಳಿ. ಬ್ಲೇಡಿನಲ್ಲಿ ಕೊಯ್ದ ಹಾಗಿದೆಯಾ, ಹತ್ತಿ ಅಂಟಿದ ಹಾಗಿದೆಯಾ?"

"ಹತ್ತಿನೇ ಅನ್ಕೊಳ್ಳಿ ಅಕ್ಕ."

"ಅನ್ಕೊಳ್ಳೋದೆಲ್ಲ ಬೇಡ. ನೋಡಿ ಹೇಳಿ."

ಆಮೇಲೆ ಪೆಟ್ಟಿಗೆಯಿಂದ ಒಂದು ಗಾಜು ತೆಗೆದು, ಕುಳಿತವರ ಮೂಗಿನ ಮೇಲಿರುವ ಪರೀಕ್ಷೆಯ ಫ್ರೇಮಿಗೆ ಸಿಕ್ಕಿಸುತ್ತಾರೆ. "ಇದು ಸ್ಪಷ್ಟವೋ?" ಅದನ್ನು ತೆಗೆದು ಇನ್ನೊಂದು. "ಅಥವಾ ಇದು ಸ್ಪಷ್ಟವೋ?" ಒಂದು ಸಲಕ್ಕೆ ಒಂದೇ ಗಾಜು ಬದಲಾಗಬೇಕು ಎಂಬುದು ಅವರ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವ ಬಗೆಯಿಲ್ಲ. ಸ್ವಲ್ಪ ಹೊತ್ತಿನ ನಂತರ ಸದ್ದಿಲ್ಲದೆ ಮೊದಲನೆಯ ಗಾಜನ್ನೇ ಮತ್ತೆ ಹಾಕುತ್ತಾರೆ. "ಆಹಾ, ಇದು ಎಲ್ಲಕ್ಕಿಂತ ಚೆನ್ನಾಗಿದೆ" ಎಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

"ಜನ ಸುಳ್ಳು ಹೇಳಲ್ಲ," ಎಂದು ಅಕ್ಕ ಗಂಡನ ಹತ್ತಿರ ಹೇಳುವುದುಂಟು. "ನನ್ನನ್ನ ಖುಷಿಪಡಿಸೋಕೆ ನೋಡ್ತಾರೆ. ಅದೇ ಕಷ್ಟ."

ಅಂಗಡಿ ಉದ್ದಕ್ಕೆ ಸಾಲದು. ಅಕ್ಷರಗಳ ಪಟ ಇರಬೇಕಾದಷ್ಟು ದೂರ ಆ ಕೋಣೆಯಲ್ಲಿಲ್ಲ. ಹಾಗಾಗಿ ಪಟ ಕುರ್ಚಿಯ ಹಿಂದುಗಡೆ, ತಲೆಯ ಮೇಲೆ ತೂಗುತ್ತದೆ. ಎದುರಿನ ಗೋಡೆಯಲ್ಲಿ ಕನ್ನಡಿ. ಕುಳಿತವರು ಕನ್ನಡಿಯೊಳಗೆ ಪಟವನ್ನು ನೋಡುತ್ತಾರೆ, ದೂರ ತಾನಾಗಿ ಎರಡರಷ್ಟಾಗುತ್ತದೆ. ಪಟದ ಅಕ್ಷರಗಳನ್ನು ತಿರುವು ಮುರುವು ಅಚ್ಚು ಮಾಡಿಸಿರುವುದರಿಂದ ಕನ್ನಡಿಯಲ್ಲಿ ನೆಟ್ಟಗೆ ಕಾಣುತ್ತವೆ. ಹಿಂದಿನ ಕೋಣೆಯಲ್ಲಿ ಅಕ್ಕನ ಗಂಡ ನೀರು ಹರಿಯುವ ಚಕ್ರಕ್ಕೆ ಗಾಜಿನ ಅಂಚು ಕೊಟ್ಟು ಫ್ರೇಮಿನ ಆಕಾರಕ್ಕೆ ಉಜ್ಜುತ್ತಾರೆ. ಅವರ ಏಪ್ರನ್ ಮೇಲೆ ಯಾವಾಗಲೂ ಸುಣ್ಣ ಬಳಿದ ಹಾಗೆ ಗಾಜಿನ ಬಿಳಿ ರಾಡಿ. ಹೆಂಡತಿ ಬೀದಿಗೆಲ್ಲ ಅಕ್ಕ ಆದ ಮೇಲೆ ಇವರು ಬೀದಿಗೆಲ್ಲ ಭಾವ. "ಇಷ್ಟು ಜನ ಬಾಮೈದುನರಿದ್ದಾರೆ, ಒಬ್ಬನೂ ಬಂದು ಚಕ್ರ ತಿರುಗಿಸಲ್ಲ" ಎಂಬುದು ಅವರ ಖಾಯಂ ದೂರು.

ಎರಡು ಕೋಣೆಗಳ ನಡುವಿನ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರಿದೆ. ಅದಕ್ಕೆ ಒಂದು ಸಣ್ಣ ಯಂತ್ರ ಜೋಡಿಸಿದೆ. ಫ್ರೇಮನ್ನು ಅದರಲ್ಲಿಟ್ಟರೆ ಒಂದು ಸೂಜಿ ಒಳ ಅಂಚನ್ನು ಸುತ್ತಿ ಬಂದು ಆಕಾರವನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ಈ ಯಂತ್ರ ಈ ಕಂಪ್ಯೂಟರನ್ನು ಬಿಟ್ಟು ಬೇರೆ ಯಾವುದರ ಮಾತನ್ನೂ ಕೇಳುವುದಿಲ್ಲ. ಅದನ್ನು ಮಾಡಿದವರು ಯಾವಾಗಲೋ ಅಂಗಡಿ ಮುಚ್ಚಿಕೊಂಡು ಹೋದರು. ಆದ್ದರಿಂದ ಕಂಪ್ಯೂಟರನ್ನು ಬದಲಿಸುವಂತಿಲ್ಲ, ಅದರ ಒಳಗಿನ ವ್ಯವಸ್ಥೆಯನ್ನು ಹೊಸದು ಮಾಡುವಂತೆಯೂ ಇಲ್ಲ.

ಇಲ್ಲಿಂದ ಕತೆ ಶುರುವಾಗುತ್ತದೆ.

ಅಕ್ಕನಿಗೆ ಒಬ್ಬಳು ತಂಗಿ. ದೂರದ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಇಬ್ಬರೂ ಬೆಳೆದದ್ದು ಇದೇ ಅಂಗಡಿಯಲ್ಲಿ, ಅಪ್ಪ ಬದಿಗಿಟ್ಟ ಗಾಜುಗಳೊಂದಿಗೆ ಆಡಿಕೊಂಡು. ತಂಗಿ ಗಾಜನ್ನು ಕಣ್ಣಿಗೆ ಹಿಡಿದು ಎದುರು ಮನೆಯ ತಾರಸಿ ನೋಡುತ್ತಿದ್ದಳು. ಅಕ್ಕ ಅದೇ ಗಾಜನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, ಎಲ್ಲಿ ಗೀರು ಬಿದ್ದಿದೆ ಎಂದು ಹುಡುಕುತ್ತಿದ್ದರು. ಈಗಲೂ ಅಷ್ಟೇ.

ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿದಳು.

"ಅಕ್ಕಾ, ಈ ಸಲ ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗ್ತಾನೆ. ಹಗಲಲ್ಲೇ. ಮಕ್ಕಳಿಗೆ ತೋರಿಸ್ಬೇಕು, ದೂರದರ್ಶಕ ನಾವೇ ಮಾಡ್ತೀವಿ. ನಂಗೆ ಅರ್ಧ ಪವರಿನ ಒಂದು ಗಾಜು ಬೇಕು."

"ಅರ್ಧ ಪವರಾ? ಅದನ್ನ ಹಾಕ್ಕೊಂಡವರಿಗೆ ಹಾಕ್ಕೊಂಡಿದ್ದೀವಿ ಅಂತ್ಲೂ ಗೊತ್ತಾಗಲ್ಲ."

"ಮೂಗಿನ ಮೇಲೆ ಗೊತ್ತಾಗಲ್ಲ. ಎರಡು ಮೀಟರ್ ಪೈಪಿನ ತುದಿಗೆ ಹಾಕಿದ್ರೆ ಸೂರ್ಯನ ಬಿಂಬ ಕೊನೇಲಿ ಬಂದು ಕೂರುತ್ತೆ. ಅದನ್ನ ದೊಡ್ಡದು ಮಾಡಿ ಬಿಳಿ ರಟ್ಟಿನ ಮೇಲೆ ಬೀಳಿಸ್ತೀವಿ. ಪೈಪಿಗೆ ಯಾರೂ ಕಣ್ಣು ಇಡೋ ಹಾಗೇ ಇಲ್ಲ, ಎಲ್ರೂ ರಟ್ಟನ್ನೇ ನೋಡ್ಬೇಕು. ಆದ್ರೆ ಗಾಜು ಚೆನ್ನಾಗಿರ್ಬೇಕು ಕಣೇ. ಬುಧ ಎಷ್ಟು ಸಣ್ಣದು ಗೊತ್ತಾ? ನೂರೈವತ್ತಕ್ಕೂ ಹೆಚ್ಚು ಬುಧರನ್ನ ಸಾಲಾಗಿ ನಿಲ್ಲಿಸ್ಬೇಕು, ಸೂರ್ಯನ ಈ ಅಂಚಿಂದ ಆ ಅಂಚು ಮುಟ್ಟೋಕೆ."

ಅಕ್ಕ ಅಂಗಡಿಯಲ್ಲಿದ್ದ ಅರ್ಧ ಪವರಿನ ಗಾಜುಗಳನ್ನೆಲ್ಲ ಹೊರಗೆ ತೆಗೆದರು. ಒಂದೊಂದರಲ್ಲೂ ಕಿಟಕಿಯ ಸರಳಿನ ಪ್ರತಿಬಿಂಬ ನೋಡಿದರು. ಸರಳು ಎಲ್ಲಿಯಾದರೂ ಎಳ್ಳಷ್ಟು ಬಳುಕಿದರೂ ಆ ಗಾಜು ಬದಿಗೆ. ಕೊನೆಗೆ ಉಳಿದ ಒಂದನ್ನು ಭಾವ ಪೈಪಿನ ಅಳತೆಗೆ ದುಂಡಗೆ ಉಜ್ಜಿದರು. ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಡಬ್ಬವನ್ನು ಇನ್ನೊಂದು ಡಬ್ಬದಲ್ಲಿಟ್ಟು ಕಳಿಸಿದರು.

"ತಲುಪ್ತು," ಎಂದಳು ತಂಗಿ, ಕೆಲವು ದಿನಗಳ ನಂತರ. "ಅಕ್ಕಾ, ಅದನ್ನೆಲ್ಲ ಶಾಲೆ ವೆಬ್‌ಸೈಟಿನಲ್ಲಿ ಲೈವ್ ಹಾಕ್ತೀವಿ. ನೀನೂ ನೋಡ್ಬಹುದು. ನಿನ್ನ ಗಾಜಿನಲ್ಲೇ."

ಅಕ್ಕ ಫೋನ್ ಇಟ್ಟು, ಆಗಲೇ ಒರೆಸಿಟ್ಟಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸತೊಡಗಿದರು. ಭಾವ ಚಕ್ರ ನಿಲ್ಲಿಸಿ ಹೊರಗೆ ಬಂದರು.

"ಏನಾಯ್ತೇ?"

"ಏನಿಲ್ಲ ರೀ. ಇಷ್ಟು ವರ್ಷದಲ್ಲಿ ಎಷ್ಟು ಗಾಜು ಕೊಟ್ಟಿದ್ದೀವಿ, ಲೆಕ್ಕ ಉಂಟಾ? ಎಲ್ಲಾ ಬೇರೆಯವರ ಮೂಗಿನ ಮೇಲೆ. ಅವರಿಗೆ ಏನು ಕಂಡಿತು ಅಂತ ಅವರು ಹೇಳಿದ್ದನ್ನ ಕೇಳಿದ್ದೀನಿ, ಅಷ್ಟೇ. ಬೇರೆಯವರಿಗೆ ಅಂತ ಕೊಟ್ಟ ಗಾಜಿನಲ್ಲಿ ನಾನೇ ನೋಡೋದು ಇದೇ ಮೊದಲು."

ನಿಜವಾದ ಮಾತು. ಒಬ್ಬರ ಕಣ್ಣಿಗೆ ಸರಿಹೊಂದುವ ಗಾಜು ಇನ್ನೊಬ್ಬರ ಕಣ್ಣಿಗೆ ಮಂಜು. ಬೇರೆಯವರಿಗೆಂದು ಅಕ್ಕ ಎಷ್ಟೇ ಚೆನ್ನಾಗಿ ಕನ್ನಡಕ ಮಾಡಿದರೂ, ಅದರಲ್ಲಿ ಅವರಿಗೇ ಸ್ಪಷ್ಟವಾಗಿ ಕಾಣದು. ಈ ಒಂದು ಗಾಜು ಮಾತ್ರ ಯಾರ ಕಣ್ಣಿಗೂ ಸೇರಿದ್ದಲ್ಲ.

ತಂಗಿ ಪರೀಕ್ಷೆಗೆಂದು ದಿನವೂ ಸ್ವಲ್ಪ ಹೊತ್ತು ಕ್ಯಾಮೆರಾ ಹಾಕಿಡುತ್ತೇನೆ ಎಂದಿದ್ದಳು. ಅಕ್ಕ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತು ಶಾಲೆಯ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿ ಬರೆದರು. ಬೆಳ್ಳಗೆ ಒಂದು ಪುಟ ಬಂತು. ನಡುವೆ ಎರಡು ಸಾಲು: ನಿಮ್ಮ ಬ್ರೌಸರ್ ಬಹಳ ಹಳೆಯದು. ಈ ಪುಟವನ್ನು ತೋರಿಸಲಾಗದು.

ಭಾವ ಭುಜದ ಹಿಂದಿನಿಂದ ಬಗ್ಗಿ ಓದಿದರು. "ನಮ್ಮಿಬ್ಬರಿಗಿಂತ ಹಳೇದಾ ಅಂತ ಕೇಳು."

"ತಮಾಷೆ ಸಾಕು. ಇಂಟರ್‌ನೆಟ್ಟೇ ಹಾಳಾಗಿದೆ ಅಂತ ಕಾಣ್ಸುತ್ತೆ."

ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅಕ್ಕನದು ಗುಂಡಿಯ ಫೋನು. ಭಾವನದು ದೊಡ್ಡದೇ, ಆದರೆ ಅದರ ಗಾಜಿನ ಮೇಲೆ ಜೇಡರ ಬಲೆಯಂಥ ಬಿರುಕು. ಅಂಗೈಯಗಲದ ಪರದೆಯಲ್ಲಿ ಸೂರ್ಯನನ್ನು ಹಿಡಿಸಿದರೆ ಬುಧ ಸೂಜಿಮೊನೆಯಷ್ಟು. ಅದು ಬಿರುಕಿನಲ್ಲಿ ಬಿದ್ದರೆ ಹುಡುಕುವವರು ಯಾರು? ಅಂಗಡಿಯ ಕಂಪ್ಯೂಟರಿನ ಪರದೆ ಅಗಲವಾದದ್ದು. ಅದರಲ್ಲಾದರೆ ಬುಧ ಸಾಸಿವೆ ಕಾಳಿನಷ್ಟಾದರೂ ಕಂಡೀತು.

ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಬೀದಿಯಲ್ಲಿ ಎಲ್ಲರೂ 'ಎರಡು ಕಾಪಿ' ಎಂದು ಕರೆಯುತ್ತಾರೆ. ಯಾವ ಮಾತನ್ನಾದರೂ ಅವನು ಎರಡು ಸಲ ಹೇಳದೆ ಬಿಡುವುದಿಲ್ಲ. ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಬಂದವನು ಪರದೆ ನೋಡಿದ.

"ಇಂಟರ್‌ನೆಟ್ ಹಾಳಾಗಿಲ್ಲ ಅಕ್ಕ, ಇಂಟರ್‌ನೆಟ್ ಹಾಳಾಗಿಲ್ಲ. ಬೇರೆ ಬ್ರೌಸರ್ ಹಾಕಿ, ಬೇರೆ ಬ್ರೌಸರ್."

"ಬೇರೆ ಅಂದ್ರೆ? ಈ ನೀಲಿ ಚಿತ್ರ ಒತ್ತಿದ್ರೇ ತಾನೆ ಇಂಟರ್‌ನೆಟ್ ಬರೋದು?"

"ಅದು ಇಂಟರ್‌ನೆಟ್ ಅಲ್ಲ, ಅದನ್ನ ತೋರಿಸೋ ಸಾಧನ. ಪುಟಗಳೆಲ್ಲ ಎಲ್ಲೆಲ್ಲೋ ಇರ್ತವೆ. ಇದು ತಂದು ನಿಮ್ಮ ಕಣ್ಣಿಗೆ ಕಾಣೋ ಹಾಗೆ ಮಾಡುತ್ತೆ, ಕಾಣೋ ಹಾಗೆ. ನಿಮ್ಮದು ಹಳೇದು, ಹೊಸ ಪುಟಗಳು ಅದಕ್ಕೆ ಓದೋಕೆ ಬರಲ್ಲ."

ಅಕ್ಕನ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಅಂದ್ರೆ ಇದು ಕನ್ನಡಕ!"

"ಏನು, ಏನು?"

"ಕನ್ನಡಕ ಕಣಪ್ಪಾ! ಊರು ಬದಲಾಗಿಲ್ಲ, ಕಣ್ಣೂ ಕೆಟ್ಟಿಲ್ಲ. ಕನ್ನಡಕದ ನಂಬರ್ ಹಳೇದಾಗಿದೆ. ರೀ, ಕೇಳಿದ್ರಾ? ನಂಬರ್ ಬದಲಾಯಿಸಿದ್ರೆ ಆಯ್ತು! ಎಷ್ಟು ಥರ ಸಿಗುತ್ತೆ ಇದು?"

"ಬೇಕಾದಷ್ಟು ಸಿಗುತ್ತೆ. ಆದ್ರೆ ಯಾಕೆ ತಲೆ ಕೆಡಿಸ್ಕೋತೀರಿ? ಎಲ್ರೂ ಹಾಕ್ಕೊಳ್ಳೋದನ್ನೇ ಹಾಕ್ಕೊಳ್ಳಿ, ಎಲ್ರೂ ಹಾಕ್ಕೊಳ್ಳೋದನ್ನೇ."

ಅಕ್ಕ ಅವನನ್ನು ಕನಿಕರದಿಂದ ನೋಡಿದರು. "ಎಲ್ರೂ ಹಾಕ್ಕೊಳ್ಳೋ ನಂಬರನ್ನೇ ನಿಂಗೂ ಕೊಟ್ಟಿದ್ರೆ ಇಷ್ಟು ಹೊತ್ತಿಗೆ ನೀನು ಗೋಡೆಗೆ ಹೋಗಿ ಹಾಯ್ತಿದ್ದೆ."

ಅವತ್ತು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪರೀಕ್ಷೆ ಶುರುವಾಯಿತು. ಎರಡು ಕಾಪಿ ಮೂರು ಬ್ರೌಸರುಗಳನ್ನು ಆರಿಸಿದ. ಡೌನ್‌ಲೋಡ್ ಮಾಡುವಾಗ ಅಕ್ಕನ ಬೆರಳು ಒಂದು ದೊಡ್ಡ ಹಸಿರು ಗುಂಡಿಯ ಮೇಲೆ ಹೋಗಿತ್ತು. "ಬೇಡ ಬೇಡ! ಅದು ಜಾಹೀರಾತು," ಎಂದು ಅವನು ಕೂಗಿದ. ಯಾವ ಬ್ರೌಸರಾದರೂ ಅದನ್ನು ಮಾಡಿದವರ ಸ್ವಂತ ಪುಟದಿಂದಲೇ ತರಬೇಕು, ದಾರಿಯಲ್ಲಿ ಕೈ ಹಿಡಿದು ಎಳೆಯುವವರ ಹತ್ತಿರ ಅಲ್ಲ ಎಂದು ವಿವರಿಸಿದ. ಇನ್ನೂ ಒಂದು ಎಚ್ಚರಿಕೆ ಕೊಟ್ಟ. ಕಂಪ್ಯೂಟರ್ ಹಳೆಯದಾದ್ದರಿಂದ ಬ್ರೌಸರ್ ಯಾವುದೇ ಇರಲಿ, ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ. ನೋಡುವುದಕ್ಕೆ ಮಾತ್ರ ಇರಲಿ. ಎರಡನ್ನೂ ಎರಡೆರಡು ಸಲ ಹೇಳಿ ತನ್ನ ಅಂಗಡಿಗೆ ಹೋದ.

ಅಕ್ಕ ಕಣ್ಣು ಪರೀಕ್ಷೆಯ ಗಾಜಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತರು. ಮೂರರಲ್ಲೂ ಅದೇ ಪುಟ, ಅದೇ ಚಿತ್ರ ನೋಡಬೇಕು. ಶಾಲೆಯ ಕ್ಯಾಮೆರಾ ಆಗ ಆಟದ ಮೈದಾನದ ಕಾಂಪೌಂಡು ಗೋಡೆ ತೋರಿಸುತ್ತಿತ್ತು.

ಮೊದಲನೆಯದು ಎಲ್ಲರ ಕಂಪ್ಯೂಟರಿನಲ್ಲೂ ಇರುವಂಥದ್ದು. ಅದರ ಇತ್ತೀಚಿನ ರೂಪ ಈ ಹಳೆಯ ಯಂತ್ರದಲ್ಲಿ ನಿಲ್ಲಲೇ ಇಲ್ಲ. ನಿಲ್ಲುವಂಥ ಹಳೆಯ ರೂಪವನ್ನು ಹಾಕಿದರೆ, ಅದು ಬಂದು ಕೂತ ಕೂಡಲೇ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಗೋಡೆ ಕಂಡಿತು. ಗೋಡೆಯ ಮೇಲಿದ್ದ ಕಾಗೆ ಇಲ್ಲಿಂದ ಅಲ್ಲಿಗೆ ಹಾರದೆಯೇ ಹೋಗಿ ಕೂತಿತು, ನಡುವಿನ ಹಾರಾಟ ಎಲ್ಲೋ ಕಳೆದುಹೋಗಿತ್ತು.

"ಇವನು ದೊಡ್ಡಪ್ಪ," ಎಂದರು ಭಾವ. "ಬಂದರೆ ಇಡೀ ಮನೆ ಇವನಿಗೇ ಬೇಕು. ಉಳಿದವರು ಜಗಲಿ ಮೇಲೆ."

ಎರಡನೆಯದು ಚುರುಕಾಗಿತ್ತು, ಆದರೆ ಅನುಮಾನದ ಸ್ವಭಾವ. ಈ ಪುಟ ನಿಮ್ಮನ್ನು ಗಮನಿಸುತ್ತಿದೆ, ತಡೆಯಲೇ? ಈ ಚಿತ್ರ ಬೇರೆ ಕಡೆಯಿಂದ ಬರುತ್ತಿದೆ, ತಡೆಯಲೇ? ಅಕ್ಕ ಗಾಬರಿಯಿಂದ ಹೂಂ, ಹೂಂ ಎಂದು ಒತ್ತಿದರು. ಜಾಹೀರಾತುಗಳೆಲ್ಲ ಮಾಯವಾದವು. ಅವುಗಳ ಜೊತೆ ಗೋಡೆಯೂ ಮಾಯವಾಯಿತು, ಕಾಗೆಯೂ.

"ಸೋದರತ್ತೆ. ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸ್ತಾಳೆ."

"ಒಳ್ಳೇದೇ ರೀ, ಕಳ್ಳರು ಬರಲ್ಲ."

"ನೆಂಟರೂ ಬರಲ್ಲ."

ಮೂರನೆಯದರ ಹೆಸರು ಇಬ್ಬರೂ ಕೇಳಿದ್ದಿಲ್ಲ. ಹಳೆಯ ಕಂಪ್ಯೂಟರುಗಳಿಗೆಂದೇ ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ ಸೇರಿ ಅದನ್ನು ಸಿದ್ಧಮಾಡಿ ಕಾಪಾಡಿಕೊಂಡು ಬರುತ್ತಿದ್ದಾರಂತೆ. ನೋಡಲು ಏನೂ ಚೆಂದವಿಲ್ಲ. ತೆರೆಯಿತು, ಗೋಡೆ ಬಂತು, ಕಾಗೆ ರೆಕ್ಕೆ ಬಿಚ್ಚಿ, ಬಡಿದು, ಹಾರಿ, ಪಕ್ಕದ ಕಂಬದ ಮೇಲೆ ಇಳಿಯಿತು.

"ಹಾರಿತು!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. "ರೀ, ಕಾಗೆ ಹಾರಿತು! ಪೂರಾ ಹಾರಿತು!"

"ಕಾಗೆ ಹಾರಿದ್ದಕ್ಕೆ ಇಷ್ಟು ಖುಷಿಪಟ್ಟವಳು ಪ್ರಪಂಚದಲ್ಲಿ ನೀನೊಬ್ಬಳೇ," ಎಂದರು ಭಾವ. ಅವರೂ ಏಪ್ರನ್ ಬಿಚ್ಚಿ ನೋಡಲು ನಿಂತಿದ್ದರು. "ಇವನು ಕಿರಿ ಮೈದುನ. ಸದ್ದಿಲ್ಲದೆ ಬಂದು ಕೆಲಸ ಮಾಡಿ ಹೋಗ್ತಾನೆ."

ಅಕ್ಕ ಪುಟವನ್ನು ಕೆಳಗೆ ಸರಿಸಿ ತಂಗಿ ಬರೆದಿದ್ದ ವಿವರ ಓದಲು ನೋಡಿದರು. ಮುಖದ ಮೇಲಿನ ನಗೆ ನಿಧಾನವಾಗಿ ಇಳಿಯಿತು. ಕನ್ನಡಕವನ್ನು ಮೂಗಿನ ಮೇಲೆ ಮುಂದೆ ತಂದರು, ಹಿಂದೆ ತಳ್ಳಿದರು. ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು. ಇನ್ನಷ್ಟು ಸರಿಸಿದರು, ಇನ್ನಷ್ಟು ಸಣ್ಣದಾದಂತೆ ತೋರಿತು.

"ನನ್ನ ಕಣ್ಣು ಹೋಯ್ತು," ಎಂದರು.

ಬೇರೆ ಯಾರಾದರೂ ಆಗಿದ್ದರೆ ಬ್ರೌಸರನ್ನು ಬೈಯುತ್ತಿದ್ದರು, ಇಲ್ಲವೇ ಕಂಪ್ಯೂಟರನ್ನು. ಕನ್ನಡಕದಂಗಡಿಯವರಿಗೆ ಅಕ್ಷರ ಕಾಣದಿದ್ದರೆ ಮೊದಲ ಅನುಮಾನ ಕಣ್ಣಿನ ಮೇಲೆ. ಅದೂ ತಮ್ಮದೇ ಕಣ್ಣು. ಪುಟದ ಅಕ್ಷರವೇ ಕಾಣದವರಿಗೆ ಸಾಸಿವೆಯಷ್ಟು ಬುಧ ಹೇಗೆ ಕಾಣಬೇಕು? ಅಕ್ಕ ಹೋಗಿ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. "ನೋಡ್ರೀ. ಹತ್ತಿರದ ನಂಬರ್ ಏರಿರ್ಬೇಕು."

ಭಾವನಿಗೆ ಇಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಪರೀಕ್ಷೆಯ ಫ್ರೇಮನ್ನು ಹೆಂಡತಿಯ ಮೂಗಿಗೇರಿಸಿ, ಗಾಜು ಸಿಕ್ಕಿಸಿದರು. ಕೈಗೆ ಓದುವ ಕಾರ್ಡು ಕೊಟ್ಟರು.

"ಇದು ಸ್ಪಷ್ಟವೋ?"

"ಪರವಾಗಿಲ್ಲ."

"ಪರವಾಗಿಲ್ಲ ಅನ್ನೋದು ಉತ್ತರ ಅಲ್ಲಮ್ಮ. ಬ್ಲೇಡೋ, ಹತ್ತಿಯೋ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಬ್ಲೇಡು ರೀ, ಬ್ಲೇಡು! ಅಂದ್ರೆ... ಇದು ನನ್ನ ಹಳೇ ನಂಬರೇ ತಾನೆ?"

"ಹಳೇ ನಂಬರೇ. ಕೆಳಗಿನ ಸಾಲು ಓದು."

ಕೊನೆಯ ಸಾಲಿನ ಕೊನೆಯ ಅಕ್ಷರದವರೆಗೂ ಓದಿದರು. ಕಣ್ಣಿಗೆ ಏನೂ ಆಗಿರಲಿಲ್ಲ.

ಅಕ್ಕ ಕುರ್ಚಿಯಲ್ಲೇ ಕೂತು ಯೋಚಿಸಿದರು. ಎರಡನೆಯ ಬ್ರೌಸರಿನಲ್ಲಿ ಅಕ್ಷರ ಸರಿಯಿತ್ತು. ಮೂರನೆಯದರಲ್ಲಿ ಸಣ್ಣದು. ನಡುವೆ ಬದಲಾದದ್ದು ಏನು? ಬ್ರೌಸರ್. ಅದೊಂದೇನಾ? ಮೇಜಿನ ಕಡೆ ತಿರುಗಿ ನೋಡಿದರು. ಮೂರನೆಯದನ್ನು ತೆರೆಯುವ ಮೊದಲು, ಮೌಸಿಗೆ ಜಾಗ ಸಾಲದೆಂದು, ಗಾಜಿನ ಪೆಟ್ಟಿಗೆಯನ್ನು ಎಡಗಡೆಗೆ ಸರಿಸಿದ್ದರು. ಪೆಟ್ಟಿಗೆಯ ಮೂಲೆ ಕೀಬೋರ್ಡಿನ ಮೂಲೆಯ ಮೇಲೆ ಹತ್ತಿ ಕೂತಿತ್ತು, ಸರಿಯಾಗಿ ಕಂಟ್ರೋಲ್ ಗುಂಡಿಯ ಮೇಲೆ. ಆ ಗುಂಡಿ ಒತ್ತಿದ್ದಾಗ ಮೌಸಿನ ಚಕ್ರ ತಿರುಗಿಸಿದರೆ ಪುಟ ಸರಿಯುವುದಿಲ್ಲ, ಅಕ್ಷರವೇ ಕಿರಿದಾಗುತ್ತ ಹೋಗುತ್ತದೆ.

"ಎರಡು ಗಾಜು ಒಟ್ಟಿಗೆ ಬದಲಾಯಿಸ್ಬಿಟ್ಟಿದ್ದೀನಿ!" ಎಂದು ಹಣೆ ಬಡಿದುಕೊಂಡರು. ಪೆಟ್ಟಿಗೆ ಎತ್ತಿ, ಅದೇ ಗುಂಡಿ ಒತ್ತಿ ಹಿಡಿದು ಚಕ್ರವನ್ನು ಆಚೆ ಕಡೆಗೆ ತಿರುಗಿಸಿದರು. ಇರುವೆಗಳು ಬೆಳೆದು ಅಕ್ಷರಗಳಾದವು.

"ಕಿರಿ ಮೈದುನನ ಮೇಲೆ ಇಲ್ಲದ ಆರೋಪ," ಎಂದರು ಭಾವ. "ಕ್ಷಮೆ ಕೇಳು."

ಎರಡು ಕಾಪಿ ಸಂಜೆ ಮತ್ತೆ ಬಂದ. ಅಕ್ಕ ಮೂರನೆಯದನ್ನು ಆರಿಸಿದರೆಂದು ಕೇಳಿ ಅವನ ಮುಖ ಸಪ್ಪಗಾಯಿತು. "ಯಾರೂ ಕೇಳದ ಹೆಸರು ಅಕ್ಕ, ಯಾರೂ ಕೇಳದ ಹೆಸರು. ದೊಡ್ಡದಕ್ಕೆ ಸಮ ಉಂಟಾ?"

"ಸರಿ, ಕೂತ್ಕೋ. ನೀನೇ ನೋಡಿ ಹೇಳು."

ಅಕ್ಕ ಒಂದು ಕಣ್ಣು ಮುಚ್ಚಿಸಲು ಬಳಸುವ ಕಪ್ಪು ರಟ್ಟಿನಂಥದೇ ಉದ್ದನೆಯ ಪಟ್ಟಿ ಕತ್ತರಿಸಿ ಪರದೆಯ ಮೇಲ್ತುದಿಗೂ ಕೆಳತುದಿಗೂ ಅಂಟಿಸಿದರು. ಈಗ ಯಾವ ಬ್ರೌಸರಿನ ಹೆಸರೂ ಚಿಹ್ನೆಯೂ ಕಾಣುವಂತಿರಲಿಲ್ಲ. ಒಂದೊಂದನ್ನೇ ತೆರೆಯುವಾಗ ಎರಡು ಕಾಪಿಗೆ ಆಚೆ ತಿರುಗಲು ಹೇಳಿದರು. ಶಾಲೆಯ ಮೈದಾನದಲ್ಲಿ ಆಗ ಮಕ್ಕಳು ಚೆಂಡಾಡುತ್ತಿದ್ದರು.

"ಇದು ಸ್ಪಷ್ಟವೋ?"

"ಚೆಂಡು ನಿಂತು ನಿಂತು ಹೋಗ್ತಿದೆ ಅಕ್ಕ, ನಿಂತು ನಿಂತು."

"ಇದು?"

"ಏನೂ ಇಲ್ಲ, ಕಪ್ಪು, ಬರೀ ಕಪ್ಪು."

"ಇದು?"

"ಇದೇ ಇದೇ! ನೋಡಿ, ಚೆಂಡು ಹೇಗೆ ಉರುಳ್ತಿದೆ! ನಾ ಹೇಳಿಲ್ವಾ, ದೊಡ್ಡದಕ್ಕೆ ಸಮ ಇಲ್ಲ ಅಂತ!"

ಅಕ್ಕ ಅವನನ್ನು ಮತ್ತೆ ತಿರುಗಿಸಿ, ಮೊದಲನೆಯದನ್ನು ಇನ್ನೊಮ್ಮೆ ಹಾಕಿದರು. "ಇದು?"

"ಛೆ, ಇದು ಆ ನಿಂತು ನಿಂತು ಹೋಗೋದೇ ಅಲ್ವಾ? ತೆಗೀರಿ, ತೆಗೀರಿ."

ಅಕ್ಕ ರಟ್ಟಿನ ಪಟ್ಟಿ ಕಿತ್ತರು. ಎರಡು ಕಾಪಿ ಪರದೆಯ ಮೇಲಿನ ಹೆಸರನ್ನು ಓದಿದ. ಅವನು ತೆಗೀರಿ ಎಂದದ್ದು ದೊಡ್ಡದನ್ನೇ. ಆಮೇಲೆ ಜೋರಾಗಿ ನಕ್ಕು, "ಸೋತೆ ಅಕ್ಕ," ಎಂದ. ಒಂದೇ ಸಲ.

"ಸೋಲೋದು ಏನ್ ಬಂತು? ನಿಂಗೆ ಖುಷಿಪಡಿಸೋ ಬುದ್ಧಿ ಇಲ್ಲ, ಕಂಡಿದ್ದನ್ನೇ ಹೇಳ್ತೀಯ. ನಿನ್ನಂಥ ಗಿರಾಕಿ ಸಿಗ್ಬೇಕು," ಎಂದು ಅಕ್ಕ ಅವನ ಕನ್ನಡಕ ಒರೆಸಿ ಕೊಟ್ಟರು.

ಆ ದಿನ ಬಂತು. ಅಂಗಡಿ ತೆರೆದಿತ್ತು, ಆದರೆ ಅಕ್ಕ ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದ್ದರು. ಹೊಲಿಗೆಯವಳೊಬ್ಬಳು, ಬಸ್ ಓಡಿಸುವವನೊಬ್ಬ. "ಸ್ವಲ್ಪ ತಡ ಆಗುತ್ತೆ, ಸೂರ್ಯನ್ನ ನೋಡ್ಬೇಕು," ಎಂದರು, ಹಾಲು ತರಬೇಕು ಎನ್ನುವ ಹಾಗೆ. ಹೊಲಿಗೆಯವಳು ಬಾಗಿಲಿನಿಂದ ಹೊರಗೆ ಬಗ್ಗಿ ನೋಡಿದಳು. ಆಕಾಶ ಪೂರ್ತಿ ಮೋಡ. ಆದರೆ ತಂಗಿಯ ಊರಿನಲ್ಲಿ ಬಿಸಿಲು ಕಾಯುತ್ತಿತ್ತು.

ಕಿರಿ ಮೈದುನ ಸದ್ದಿಲ್ಲದೆ ತೆರೆಯಿತು. ಪರದೆಯ ತುಂಬ ಒಂದು ದುಂಡನೆಯ ಬೆಳಕು, ಬಿಳಿ ರಟ್ಟಿನ ಮೇಲೆ ಬಿದ್ದ ಸೂರ್ಯ. ಅಕ್ಕ ಮೊದಲು ನೋಡಿದ್ದು ಅಂಚನ್ನು. ಗಾಳಿಗೆ ಸ್ವಲ್ಪ ನಡುಗುತ್ತಿತ್ತು, ಅಷ್ಟೇ. ಕಿವಿಗೆ ಫೋನ್ ಹಿಡಿದಿದ್ದರು, ಆ ತುದಿಯಲ್ಲಿ ತಂಗಿ. ಅವಳ ಹಿಂದೆ ಮಕ್ಕಳ ಗಲಗಲ.

"ಯಾವ ಕಡೆ ಬರುತ್ತೆ?"

"ಎಡಗಡೆ ಅಂಚು ನೋಡ್ತಿರು ಅಕ್ಕಾ. ಇನ್ನೇನು... ಇನ್ನೇನು..."

ಫೋನಿನಲ್ಲಿ ಒಮ್ಮೆಲೇ ಕಿರುಚಾಟ ಎದ್ದಿತು. ಇಡೀ ಶಾಲೆಯೇ ಕೂಗಿದಂತಿತ್ತು. "ಬಂತು! ಬಂತು! ಅಕ್ಕಾ, ನೋಡಿದ್ಯಾ? ಚುಕ್ಕಿ! ಕಪ್ಪು ಚುಕ್ಕಿ!"

ಪರದೆಯಲ್ಲಿ ಏನೂ ಇರಲಿಲ್ಲ. ಎಡಗಡೆ ಅಂಚು ಖಾಲಿ.

"ಇಲ್ಲಿ ಇಲ್ಲ," ಎಂದರು ಅಕ್ಕ. "ಇಲ್ಲಿ ಏನೂ ಇಲ್ಲ ಕಣೇ."

"ಇದೆಯಲ್ಲ ಅಕ್ಕಾ, ರಟ್ಟಿನ ಮೇಲೆ ಎಷ್ಟು ಚೆನ್ನಾಗಿ..."

ಭಾವ ಮೌಸಿಗೆ ಕೈ ಹಾಕಿದರು. "ಮೈದುನ ಕೈ ಕೊಟ್ಟ. ಬಿಡು, ದೊಡ್ಡಪ್ಪನ್ನ ತೆಗೀತೀನಿ."

"ಮುಟ್ಟಬೇಡಿ!"

"ಮುಗಿದುಹೋದ್ರೆ?"

"ಮುಟ್ಟಬೇಡಿ ರೀ. ಏನು ತಪ್ಪಿದೆ ಅಂತ ಗೊತ್ತಾಗದೆ ಗಾಜು ಬದಲಾಯಿಸಬಾರದು. ನೋಡಿ, ಚಿತ್ರ ಸತ್ತಿಲ್ಲ. ಅಂಚು ನಡುಗ್ತಾನೇ ಇದೆ. ಮೈದುನ ತನ್ನ ಕೆಲಸ ಮಾಡ್ತಿದ್ದಾನೆ."

ಅಕ್ಕ ಹೇಳಿದ್ದು ಸರಿಯಿತ್ತು, ಕಾರಣ ಮಾತ್ರ ಅವರಿಗೆ ಆಗ ಗೊತ್ತಿರಲಿಲ್ಲ. ಫೋನಿನ ದನಿ ನೇರವಾಗಿ ಬರುತ್ತದೆ. ಲೈವ್ ಚಿತ್ರ ಹಾಗಲ್ಲ. ಕ್ಯಾಮೆರಾದಿಂದ ಹೊರಟು, ತುಂಡುತುಂಡಾಗಿ ಕಟ್ಟಿಕೊಂಡು, ಹಲವು ಯಂತ್ರಗಳನ್ನು ಹಾದು, ಇಲ್ಲಿ ಬಂದು ಮತ್ತೆ ಬಿಚ್ಚಿಕೊಳ್ಳುವಷ್ಟರಲ್ಲಿ ಅರ್ಧ ನಿಮಿಷವಾದರೂ ಹಿಂದೆ ಬಿದ್ದಿರುತ್ತದೆ. ಪರೀಕ್ಷೆಯ ದಿನಗಳಲ್ಲಿ ಫೋನ್ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಹಿಡಿದು ನೋಡಿರಲಿಲ್ಲವಾದ್ದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಆ ಹೊತ್ತಿನಲ್ಲಿ ಅಂಗಡಿಯಲ್ಲಿದ್ದವರಿಗೆ ತಿಳಿದಿದ್ದು ಇಷ್ಟೇ: ಅಲ್ಲಿ ಎಲ್ಲರೂ ಕುಣಿಯುತ್ತಿದ್ದಾರೆ, ಇಲ್ಲಿ ಸೂರ್ಯ ಬೋಳಾಗಿದ್ದಾನೆ. ಬೆಂಚಿನ ಮೇಲಿದ್ದವರೂ ಎದ್ದು ಬಂದು ಹಿಂದೆ ನಿಂತಿದ್ದರು.

ಎಡಗಡೆಯ ಅಂಚಿನಲ್ಲಿ ಯಾರೋ ಸೂಜಿಯಿಂದ ಚುಚ್ಚಿದಂತೆ ಒಂದು ಗುರುತು ಮೂಡಿತು.

ಅಕ್ಕ ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು ಪರದೆಯನ್ನು ಒರೆಸಿದರು. ಗುರುತು ಹೋಗಲಿಲ್ಲ. ಅದಷ್ಟೇ ಸಾಲಲಿಲ್ಲ ಅವರಿಗೆ. ಮೌಸಿನ ಚಕ್ರವನ್ನು ಒಂದು ಗೆಣ್ಣಿನಷ್ಟು ತಿರುಗಿಸಿದರು. ಸೂರ್ಯ ಪರದೆಯ ಮೇಲೆ ಸ್ವಲ್ಪ ಏರಿದ, ಚುಕ್ಕಿಯೂ ಅವನ ಜೊತೆಯಲ್ಲೇ ಏರಿತು. ಪರದೆಯ ಕೊಳೆಯಾಗಿದ್ದರೆ ಅಲ್ಲೇ ಉಳಿಯುತ್ತಿತ್ತು.

"ಬುಧ!" ಎಂದು ಕೂಗಿದರು. ಬೀದಿಯ ಆಚೆ ಬದಿಗೂ ಕೇಳಿಸಿರಬೇಕು. "ರೀ, ಬುಧ! ಮೈದುನ ತಂದ!"

ಬಸ್ ಓಡಿಸುವವನು ಚಪ್ಪಾಳೆ ತಟ್ಟಿದ. ಕೂಗು ಕೇಳಿ ಎರಡು ಕಾಪಿ ಓಡಿಬಂದು ಎಲ್ಲರ ನಡುವೆ ತಲೆ ತೂರಿಸಿ, "ಎಲ್ಲಿ ಎಲ್ಲಿ, ಎಲ್ಲಿ ಎಲ್ಲಿ?" ಎಂದ. "ಇವತ್ತು ನಾಲ್ಕು ಕಾಪಿ," ಎಂದರು ಭಾವ, ಕಣ್ಣು ಒರೆಸಿಕೊಳ್ಳುತ್ತ. ಗಾಜಿನ ರಾಡಿ ಕೆನ್ನೆಗೆ ಮೆತ್ತಿತ್ತು.

ಚುಕ್ಕಿ ಪೂರ್ತಿ ಒಳಗೆ ಬಂತು. ಬೆಳಕಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಕತ್ತಲು, ದುಂಡಗೆ. ಅದು ಒಂದು ಗ್ರಹ. ಅದನ್ನು ಅಲ್ಲಿಂದ ಇಲ್ಲಿಯವರೆಗೆ ತಂದದ್ದು, ಈ ಕೋಣೆಯ ಕಿಟಕಿಯ ಸರಳನ್ನು ಬಳುಕಿಸದೆ ತೋರಿಸಿದ ಒಂದು ಗಾಜು.

"ಅಕ್ಕಾ," ಎಂದಳು ತಂಗಿ ಫೋನಿನಲ್ಲಿ. ಮಕ್ಕಳ ಗದ್ದಲದಿಂದ ಸ್ವಲ್ಪ ದೂರ ಬಂದಿದ್ದಳು. "ಈಗ ಕಾಣ್ತಿದೆಯಾ? ಸ್ಪಷ್ಟ ಇದೆಯಾ?"

ಜೀವಮಾನವಿಡೀ ಎಲ್ಲರನ್ನೂ ಕೇಳಿದ ಪ್ರಶ್ನೆ ಈಗ ಅವರ ಮುಂದೆ ಬಂದು ನಿಂತಿತ್ತು. ಅಕ್ಕ ಮುಖವನ್ನು ಪರದೆಯ ಹತ್ತಿರ ಒಯ್ದು, ಚುಕ್ಕಿಯ ಸುತ್ತ ಒಂದು ಸುತ್ತು ಕಣ್ಣಾಡಿಸಿದರು, ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ.

"ಬ್ಲೇಡು," ಎಂದರು. "ಸುತ್ತಲೂ ಬ್ಲೇಡು ಕಣೇ. ಎಲ್ಲೂ ಹತ್ತಿ ಇಲ್ಲ."

ಆಮೇಲೆ ಹೊಲಿಗೆಯವಳಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

"ಕೂತ್ಕೊಳ್ಳಿ, ನೀವೂ ನೋಡಿ. ಪರವಾಗಿಲ್ಲ ಅಂತ ಮಾತ್ರ ಹೇಳ್ಬೇಡಿ."